ಪ್ರ: ತೀರಿಕೊಂಡ ದೊಡ್ಡಮ್ಮ 1971ರಲ್ಲಿ ಸೈನ್ಯದಲ್ಲಿದ್ದರು. ಊರಿನವರು ‘ಮಿಲಿಟರಿ ಸಿಸ್ಟರ್’ ಎನ್ನುತ್ತಿದ್ದರು. ರೆಜಿಮೆಂಟ್‌ಗಳ ದಾಖಲೆ ಕಚೇರಿಗಳಿಗೆ ಬರೆದರೂ ಮಾಹಿತಿ ಸಿಗಲಿಲ್ಲ. ಸ್ಮರಣ ಪುಸ್ತಿಕೆಗೆ ಅವರ ಸೇವಾ ವಿವರ ಎಲ್ಲಿ ಸಿಗುತ್ತದೆ?

ನೀವು ರೆಜಿಮೆಂಟ್‌ಗಳ ದಾಖಲೆ ಕಚೇರಿಗಳಿಗೆ ಬರೆದದ್ದೇ ತೊಡಕಾಗಿರಬೇಕು. 1992ಕ್ಕೆ ಮುಂಚೆ ನಮ್ಮ ಭೂಸೇನೆಯಲ್ಲಿ ಮಹಿಳೆಯರಿಗೆ ತೆರೆದಿದ್ದದ್ದು ವೈದ್ಯಕೀಯ ಸೇವೆಯ ಬಾಗಿಲು ಮಾತ್ರ. ಊರಿನವರು ‘ಮಿಲಿಟರಿ ಸಿಸ್ಟರ್’ ಎನ್ನುತ್ತಿದ್ದರೆಂದು ನೀವೇ ಬರೆದಿರುವುದರಿಂದ ಅವರು ಬಹುಶಃ ಸೇನಾ ಆಸ್ಪತ್ರೆಗಳ ದಾದಿಯರ ಪಡೆಯಾದ ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿದ್ದರು.

ಮೊದಲು ಅವರ ಟ್ರಂಕು ತೆರೆಯಿರಿ. ಬೇಕಾದದ್ದು ಸೇವಾ ಸಂಖ್ಯೆ. ಪಿಂಚಣಿ ಆದೇಶದಲ್ಲಿ ಇರುತ್ತದೆ; ಅದು ಕಳೆದಿದ್ದರೆ ಪದಕಗಳ ಅಂಚು, ಹಿಂಬದಿಯನ್ನು ಭೂತಗನ್ನಡಿ ಹಿಡಿದು ನೋಡಿ. ‘ಎನ್‌ಆರ್’ ಅಥವಾ ‘ಎನ್‌ಎಸ್’ ಎಂದು ಶುರುವಾದರೆ ನನ್ನ ಊಹೆ ಸರಿ. ಪದಕಗಳನ್ನು ಉಜ್ಜಿ ಹೊಳಪಿಸಬೇಡಿ, ಅಕ್ಷರ ಸವೆಯುತ್ತದೆ. ಪೂರ್ವಿ ಸ್ಟಾರ್ ಎಂಬ ಪದಕ ಸಿಕ್ಕರೆ 1971ರ ಭಾರತ-ಪಾಕ್ ಯುದ್ಧದಲ್ಲಿ ಪೂರ್ವ ರಣರಂಗದ ಕಡೆ, ಪಶ್ಚಿಮಿ ಸ್ಟಾರ್ ಆದರೆ ಪಶ್ಚಿಮದ ಕಡೆ ಇದ್ದರೆಂದು ತಿಳಿಯಿರಿ.

ಆಮೇಲೆ ಆ ಸಂಖ್ಯೆ, ಮರಣ ಪ್ರಮಾಣಪತ್ರ ಮತ್ತು ನಿಮ್ಮ ಸಂಬಂಧದ ದಾಖಲೆ ಸೇರಿಸಿ ದೆಹಲಿಯ ಸೇನಾ ವೈದ್ಯಕೀಯ ಸೇವೆಗಳ ಮಹಾನಿರ್ದೇಶನಾಲಯದ ನರ್ಸಿಂಗ್ ವಿಭಾಗಕ್ಕೆ ಬರೆಯಿರಿ. ನೇರ ವಾರಸುದಾರರ ಸಹಿಯಿದ್ದರೆ ಒಳ್ಳೆಯದು. ಪೂರ್ಣ ಕಡತ ಕೊಡುತ್ತಾರೆಂಬ ಭರವಸೆ ನನಗಿಲ್ಲ. ಹುದ್ದೆ ಮತ್ತು ಕೆಲಸ ಮಾಡಿದ ಆಸ್ಪತ್ರೆಗಳ ಪಟ್ಟಿಯನ್ನಷ್ಟೇ ಕೇಳಿ.

ಫೋಟೊದಲ್ಲಿ ಭುಜದ ಮೇಲೆ ಮೂರು ನಕ್ಷತ್ರಗಳಿದ್ದರೆ ಅವರು ಕ್ಯಾಪ್ಟನ್. ಪುಸ್ತಿಕೆಯಲ್ಲಿ ಬರೀ ‘ನರ್ಸ್’ ಎಂದು ಹಾಕಿಬಿಡಬೇಡಿ, ಹುದ್ದೆ ಸಹಿತ ಬರೆಯಿರಿ. ಉತ್ತರ ಬರುವವರೆಗೆ ಕಾಯದೆ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅದೇ ಸೇವೆಯಿಂದ ನಿವೃತ್ತರಾದವರನ್ನು ವಿಚಾರಿಸಿ. ರಾತ್ರಿ ಪಾಳಿಯ ವಾರ್ಡ್ ಹೇಗಿರುತ್ತಿತ್ತೆಂದು ಹೇಳಬಲ್ಲವರು ಅವರೇ.