ಅನಾನಸ್ ಪಕ್ಕಕ್ಕಿಡಿ, ಕಲ್ಲುಪ್ಪು ತನ್ನಿ

ಡಿಸೆಂಬರ್ ಹತ್ತಿರ ಬಂದರೆ ಸಾಕು, ನನಗೆ ಒಂದೇ ಥರದ ಪ್ರಶ್ನೆಗಳು ಶುರು. ಮನೆಗೆ ಹತ್ತು-ಹನ್ನೆರಡು ಜನ ಊಟಕ್ಕೆ ಬರ್ತಾರೆ, ಹವಾಯಿ ಥರ ಹಂದಿ ರೋಸ್ಟ್ ಮಾಡ್ಬೇಕು, ಅನಾನಸ್ ಎಷ್ಟು ಹಾಕಲಿ? ಹೊನೊಲುಲುವಿನ ಹೋಟೆಲ್ ಅಡುಗೆಮನೆಯಲ್ಲಿ ಏಳು ವರ್ಷ ಬೆವರು ಸುರಿಸಿ ಬಂದವನು ನಾನು. ಈ ಪ್ರಶ್ನೆಗೆ ಹೋದ ವರ್ಷವೂ ಉತ್ತರ ಬರೆದಿದ್ದೆ. ಯಾರೂ ಓದಿಲ್ಲ ಅಂತ ಕಾಣುತ್ತೆ. ಆದ್ದರಿಂದ ಈ ಸಲ ಒಂದು ಪ್ರಶ್ನೆಗೆ ಉದ್ದ ಉತ್ತರ, ಉಳಿದವಕ್ಕೆ ಎಷ್ಟು ಬೇಕೋ ಅಷ್ಟೇ. ಮಾಂಸ ತೊಳೆಯುವುದು ಹೇಗೆ, ಓವನ್ ಬಿಸಿ ಮಾಡುವುದು ಹೇಗೆ ಅಂತೆಲ್ಲ ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: ಸರ್, ಎರಡೂವರೆ ಕೆ.ಜಿ. ಹಂದಿ ಮಾಂಸವನ್ನು ಹಸಿ ಅನಾನಸ್ ರಸ, ಸೋಯಾ ಸಾಸ್, ಬೆಲ್ಲದ ಪುಡಿಯಲ್ಲಿ ರಾತ್ರಿಯಿಡೀ ನೆನೆಸಿಟ್ಟೆ. 200 ಡಿಗ್ರಿಯಲ್ಲಿ ಎರಡು ಗಂಟೆ ಬೇಯಿಸಿದೆ. ಮೇಲೆ ಗಂಜಿ ಥರ ಮೆತ್ತಗಾಯ್ತು, ಒಳಗೆ ರಬ್ಬರ್. ಮುಂದಿನ ಶನಿವಾರ ಹನ್ನೆರಡು ಜನ ಬರ್ತಿದ್ದಾರೆ. ಎಲ್ಲಿ ತಪ್ಪಾಯಿತು?

ತಪ್ಪು ಹೆಸರಿನಿಂದಲೇ ಶುರುವಾಗಿದೆ. ಹವಾಯಿಯವರ ಹಬ್ಬದೂಟದ ಹಂದಿ ರೋಸ್ಟ್ ಅಲ್ಲ. ಅದರ ಹೆಸರು ಕಾಲುವಾ. ನೆಲದಲ್ಲಿ ಗುಂಡಿ ತೋಡಿ ಬೇಯಿಸುವುದಕ್ಕೆ ಹವಾಯಿ ಭಾಷೆಯ ಮಾತು ಅದು. ಆ ಗುಂಡಿ ಒಲೆಗೆ ಇಮು ಅನ್ನುತ್ತಾರೆ. ಕಟ್ಟಿಗೆ ಉರಿಸಿ ಲಾವಾ ಕಲ್ಲುಗಳನ್ನು ಕೆಂಪಗೆ ಕಾಯಿಸುತ್ತಾರೆ. ಅದರ ಮೇಲೆ ಜಜ್ಜಿದ ಬಾಳೆ ದಿಂಡು ಹಾಸುತ್ತಾರೆ. ದಿಂಡಿನ ನೀರೇ ಹಬೆ. ಮೇಲೆ ಟೀ ಅನ್ನುವ ಗಿಡದ ಎಲೆ (ಚಹಾ ಎಲೆ ಅಲ್ಲ ಮಾರಾಯ್ರೇ, ಅದೂ ಒಂದು ಪ್ರಶ್ನೆ ಬಂದಿತ್ತು), ಬಾಳೆ ಎಲೆ, ಉಪ್ಪು ಸವರಿದ ಇಡೀ ಹಂದಿ, ಮತ್ತೆ ಎಲೆ, ಒದ್ದೆ ಗೋಣಿ, ಕೊನೆಗೆ ಮಣ್ಣು. ಸಂಜೆ ಮುಚ್ಚಿದರೆ ಬೆಳಗ್ಗೆ ತೆಗೆಯುತ್ತಾರೆ. ಉಪ್ಪು, ಹೊಗೆ, ಹಬೆ, ಹೊತ್ತು. ಇಷ್ಟೇ ಅಡುಗೆ. ಮಸಾಲೆ ಇಲ್ಲ, ಸಾಸ್ ಇಲ್ಲ, ಅನಾನಸ್ ಇಲ್ಲವೇ ಇಲ್ಲ.

ಅನಾನಸ್ ದಕ್ಷಿಣ ಅಮೆರಿಕದ ಹಣ್ಣು. ಹವಾಯಿಯಲ್ಲಿ ಅದು ದೊಡ್ಡ ವ್ಯಾಪಾರವಾದದ್ದು ಜೇಮ್ಸ್ ಡೋಲ್ 1901ರಲ್ಲಿ ಕಂಪನಿ ಕಟ್ಟಿ, ಡಬ್ಬಿಗೆ ತುಂಬಿಸಿ ಊರೂರಿಗೆ ಕಳಿಸಿದ ಮೇಲೆ. ಹಂದಿ ಅದಕ್ಕೂ ನೂರಾರು ವರ್ಷ ಮುಂಚೆ ಪಾಲಿನೇಷ್ಯನ್ನರ, ಅಂದರೆ ಪೆಸಿಫಿಕ್ ದ್ವೀಪಗಳ ಜನರ, ದೋಣಿಯಲ್ಲಿ ಬಂದಿತ್ತು. ಅನಾನಸ್ ಹಾಕಿದ್ದೆಲ್ಲ ಹವಾಯಿಯದ್ದು ಅಂತ ನಂಬಿಸಿದ್ದು ಡಬ್ಬಿಯ ಮೇಲಿನ ಚಿತ್ರಗಳು. ಹವಾಯಿಯನ್ ಪಿಜ್ಜಾ ಹುಟ್ಟಿದ್ದೂ ಹವಾಯಿಯಲ್ಲಲ್ಲ, ಕೆನಡಾದಲ್ಲಿ, 1962ರಲ್ಲಿ. ಸೋಯಾ ಸಾಸ್, ಸಕ್ಕರೆ ಹಾಕಿದ ಹಂದಿಯೂ ಅಲ್ಲಿ ಇದೆ. ಕಬ್ಬಿನ ತೋಟಕ್ಕೆ ದುಡಿಯಲು ಬಂದ ಚೀನಾ, ಜಪಾನಿನವರ ಕೈರುಚಿ ಅದು. ಚೆನ್ನಾಗಿಯೇ ಇರುತ್ತೆ. ಆದರೆ ಅದು ಬೇರೆ ಅಡುಗೆ.

ಈಗ ನಿಮ್ಮ ಗಂಜಿಗೆ ಬರೋಣ. ಹಸಿ ಅನಾನಸಿನಲ್ಲಿ ಬ್ರೋಮೆಲಿನ್ ಅನ್ನುವ ಕಿಣ್ವ ಇದೆ. ಅದು ಪ್ರೋಟೀನನ್ನು ಒಡೆಯುತ್ತೆ. ಜಾಸ್ತಿ ಹಣ್ಣು ತಿಂದರೆ ನಾಲಿಗೆ ಉರಿಯುತ್ತದಲ್ಲ, ಅದರಲ್ಲಿ ಇದರ ಕೈವಾಡವೂ ಇದೆ. ಆದರೆ ದಪ್ಪ ತುಂಡಿನ ಒಳಕ್ಕೆ ಅದು ಇಳಿಯುವುದಿಲ್ಲ. ರಾತ್ರಿಯಿಡೀ ಮೇಲಿನ ಪದರವನ್ನೇ ತಿಂದು ಗಂಜಿ ಮಾಡಿದೆ, ಒಳಗೆ ಮುಟ್ಟಿಯೇ ಇಲ್ಲ. ಡಬ್ಬಿ ಅನಾನಸ್ ಆದರೆ ಅಷ್ಟೂ ಇಲ್ಲ. ಡಬ್ಬಿಗೆ ತುಂಬುವಾಗ ಕಾಯಿಸಿದ್ದರಿಂದ ಕಿಣ್ವ ಸತ್ತಿರುತ್ತೆ.

ಒಳಗಿನ ರಬ್ಬರ್‌ಗೆ ಕಾರಣ ಬೇರೆ. ಹಂದಿಯ ಭುಜದ ಮಾಂಸದ ತುಂಬಾ ಬಿಳಿ ಅಂಟು ಪೊರೆ ಇರುತ್ತೆ, ಕೊಲಾಜೆನ್. ಮಾಂಸದ ಒಳಗಿನ ಬಿಸಿ 63 ಡಿಗ್ರಿ ಮುಟ್ಟಿ ಮೂರು ನಿಮಿಷ ಕಳೆದರೆ ತಿನ್ನಲು ಸುರಕ್ಷಿತ. ಆದರೆ ಆಗ ಈ ಪೊರೆ ಬಿಗಿಯಾಗಿಯೇ ಇರುತ್ತೆ. ಅದು ಕರಗಿ ಜಿಲೆಟಿನ್ ಆಗಲು 70 ದಾಟಬೇಕು. ದಾಟಿದ ಮೇಲೂ ಗಂಟೆಗಟ್ಟಲೆ ಹೊತ್ತು ಬೇಕು. ಬೆರಳಲ್ಲಿ ಎಳೆದರೆ ಎಳೆ ಬಿಡುವುದು ಒಳಗಿನ ಬಿಸಿ 92ರಿಂದ 95ಕ್ಕೆ ಬಂದಾಗ. ನಿಮ್ಮ ಮಾಂಸ ಬೆಂದಿತ್ತು, ಬಿಟ್ಟಿರಲಿಲ್ಲ. ನೀವು ಅವಸರ ಮಾಡಿದಿರಿ. ಎಲ್ಲರೂ ಮಾಡ್ತಾರೆ. ಒಂದು ಪ್ರೋಬ್ ಥರ್ಮಾಮೀಟರ್ ತಗೊಳ್ಳಿ. ಐದು ಗಂಟೆ ಕರೆಂಟು ಉರಿಸುವವರು ಇದೊಂದಕ್ಕೆ ಯಾಕೆ ಜಿಪುಣತನ ಮಾಡ್ತಾರೋ ನನಗೆ ಅರ್ಥವಾಗಲ್ಲ.

ಶನಿವಾರದ ಊಟಕ್ಕೆ ಶುಕ್ರವಾರವೇ ಅಡುಗೆ. ಹನ್ನೆರಡು ಜನಕ್ಕೆ ಮೂಳೆ ಇಲ್ಲದ ಭುಜದ ಮಾಂಸ 3 ಕೆ.ಜಿ. ಬೆಂದ ಮೇಲೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಳಿಯುತ್ತೆ, ಅಷ್ಟು ಸಾಕು. ಅಂಗಡಿಯವರಿಗೆ ಎರಡು ದಿನ ಮುಂಚೆಯೇ ಹೇಳಿಡಿ. ಇಲ್ಲವಾದರೆ ಅವರು ಕೈಗೆ ಬಂದ ಹಾಗೆ ಕರಿ ಪೀಸ್ ಮಾಡಿ ಕೊಡ್ತಾರೆ. ಒಂದೂವರೆ ಕೆ.ಜಿ.ಯ ಎರಡು ಇಡೀ ತುಂಡು ಬೇಕು. ನೆಣ ಬಿಡಿಸುವುದು ಬೇಡ. ಚರ್ಮ ಇದ್ದರೆ ಇರಲಿ, ಆಮೇಲೆ ತೆಗೆಯಬಹುದು.

ಚಾಕುವಿನ ತುದಿಯಲ್ಲಿ ಅಲ್ಲಲ್ಲಿ ಚುಚ್ಚಿ. ಎರಡಕ್ಕೂ ಸೇರಿ 50 ಗ್ರಾಂ ಕಲ್ಲುಪ್ಪು ಉಜ್ಜಿ. ತೂಕ ಮಾಡಿ, ಕಣ್ಣಂದಾಜು ಬೇಡ. ಅಲ್ಲಿ ಕೆಂಪು ಜೇಡಿ ಬೆರೆಸಿದ ಅಲಾಯೆ ಅನ್ನುವ ಸಮುದ್ರದ ಉಪ್ಪು ಬಳಸುತ್ತಾರೆ. ಅದನ್ನು ಆನ್‌ಲೈನ್‌ನಲ್ಲಿ ದುಬಾರಿ ದುಡ್ಡು ಕೊಟ್ಟು ತರಿಸಬೇಡಿ. ಗುಲಾಬಿ ಬಣ್ಣದ ಹಿಮಾಲಯದ ಉಪ್ಪು ಹಾಕಿ ಅದೇ ಇದು ಅಂತ ನಂಬಿಸುವವರನ್ನೂ ನಂಬಬೇಡಿ. ಅಂಗಡಿಯ ಕಲ್ಲುಪ್ಪು ಸಾಕು.

ಹೊಗೆಗೆ ಲಿಕ್ವಿಡ್ ಸ್ಮೋಕ್ (ಬಾಟಲಿಯಲ್ಲಿ ಬರುವ ಹೊಗೆ ರುಚಿಯ ದ್ರವ) ಒಂದು ದೊಡ್ಡ ಚಮಚ. ಹವಾಯಿಯ ಮನೆಗಳಲ್ಲೂ ಇದನ್ನೇ ಹಾಕುತ್ತಾರೆ, ನಾಚಿಕೆ ಬೇಡ. ಎರಡು ಚಮಚ ಹಾಕಿದರೆ ಮಾತ್ರ ಸುಟ್ಟ ಮನೆಯ ವಾಸನೆ. ಬಾಟಲಿ ಸಿಗದಿದ್ದರೆ ಕೊನೆಯಲ್ಲಿ ಕೆಂಡದ ಹೊಗೆ ಕೊಡಿ. ಎಳೆ ಬಿಡಿಸಿದ ಮಾಂಸದ ನಡುವೆ ಪುಟ್ಟ ಸ್ಟೀಲ್ ಬಟ್ಟಲು, ಅದರಲ್ಲಿ ಒಂದು ಕೆಂಡ, ಅದರ ಮೇಲೆ ಹಂದಿಯದೇ ನೆಣ ನಾಲ್ಕು ಹನಿ. ಐದು ನಿಮಿಷ ಮುಚ್ಚಿಡಿ. ತುಪ್ಪ ಬೇಡ, ಘಮ ಎಲ್ಲಿಂದೆಲ್ಲಿಗೋ ಹೋಗುತ್ತೆ. ಇದ್ದಿಲು ಹೊತ್ತಿಸುವುದು ಬಾಲ್ಕನಿಯಲ್ಲಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಜೀವಕ್ಕೇ ಅಪಾಯ. ಅಂದಹಾಗೆ, ಹವಾಯಿಯಲ್ಲಿ ಇಮುಗೆ ಉರಿಸುವುದು ಕಿಯಾವೆ ಮರ. ಅದೂ ಹೊರಗಿನದ್ದೇ. ಮೊದಲ ಗಿಡವನ್ನು 1828ರಲ್ಲಿ ಹೊನೊಲುಲುವಿನ ಕ್ಯಾಥೊಲಿಕ್ ಮಿಷನ್ ಅಂಗಳದಲ್ಲಿ ನೆಟ್ಟರು. ನಮ್ಮ ಬಳ್ಳಾರಿ ಜಾಲಿಗೆ ಅದು ಅಣ್ಣನೋ ತಮ್ಮನೋ ಆಗಬೇಕು. ಆ ಮುಳ್ಳು ಮರವನ್ನು ಶಪಿಸುತ್ತಾ ಬೆಳೆದ ನಾನು ಅಲ್ಲಿ ಅದರ ಕೆಂಡವನ್ನು ಹೊಗಳಿ ಹೊಗಳಿ ಹೊಟ್ಟೆ ಹೊರೆದೆ.

ಬಾಳೆ ಎಲೆಯ ನಡುದಿಂಡು ತೆಗೆದು, ಉರಿಯ ಮೇಲೆ ಬಾಡಿಸಿ, ಎರಡು ಪದರ ಸುತ್ತಿ. ಟೀ ಗಿಡ ನಮ್ಮ ನರ್ಸರಿಗಳಲ್ಲೂ ಅಂದದ ಗಿಡ ಅಂತ ಸಿಗುತ್ತೆ. ಕುಂಡದ ಗಿಡಕ್ಕೆ ಏನೇನು ಔಷಧ ಹೊಡೆದಿರ್ತಾರೋ ಯಾರಿಗೆ ಗೊತ್ತು, ಕೀಳಬೇಡಿ. ಟ್ರೇಯಲ್ಲಿ ಒಂದು ಲೋಟ ನೀರು. ಮೇಲೆ ಫಾಯಿಲ್ ಎರಡು ಪದರ, ಅಂಚು ಬಿಗಿಯಾಗಿ ಮಡಚಿ. ಹಬೆ ಹೊರಗೆ ಹೋದರೆ ಕೆಲಸ ಕೆಟ್ಟಿತು. ಓವನ್ 150 ಡಿಗ್ರಿ, ನಾಲ್ಕರಿಂದ ಐದು ಗಂಟೆ. ಪುಟ್ಟ ಓವನ್‌ಗಳ ಗುಂಡಿ ತೋರಿಸುವ ಬಿಸಿಗೂ ಒಳಗಿನ ಬಿಸಿಗೂ ಇಪ್ಪತ್ತು ಡಿಗ್ರಿ ವ್ಯತ್ಯಾಸ ಇರಬಹುದು. ಅದಕ್ಕೇ ಗಡಿಯಾರ ನೋಡಬೇಡಿ, ಥರ್ಮಾಮೀಟರ್ ನೋಡಿ ಅನ್ನುವುದು. ನಾಲ್ಕು ಗಂಟೆಗೆ ಮುಂಚೆ ಬಾಗಿಲು ತೆಗೆಯಬೇಡಿ.

ತೆಗೆದ ಮೇಲೆ ಅರ್ಧ ಗಂಟೆ ಹಾಗೇ ಬಿಡಿ. ಕೈಗೆ ಬಿಸಿ ತಡೆಯುವಷ್ಟಾದಾಗ ಎಳೆ ಬಿಡಿಸಿ. ಟ್ರೇಯಲ್ಲಿ ಉಳಿದ ರಸ ಚೆಲ್ಲಿದರೆ ಅರ್ಧ ರುಚಿ ಚೆಲ್ಲಿದ ಹಾಗೆ. ಸೋಸಿ, ಫ್ರಿಜ್‌ನಲ್ಲಿಟ್ಟು, ಮೇಲೆ ಗಟ್ಟಿಯಾದ ನೆಣ ತೆಗೆದು ಬೇರೆ ಇಟ್ಟುಕೊಳ್ಳಿ. ಮಾಂಸವನ್ನು ಅಗಲವಾದ ಪಾತ್ರೆಯಲ್ಲಿ ತೆಳ್ಳಗೆ ಹರಡಿ. ಎರಡು ಗಂಟೆಯೊಳಗೆ ಅದೂ ಫ್ರಿಜ್‌ಗೆ ಹೋಗಬೇಕು. ದೊಡ್ಡ ಪಾತ್ರೆಯಲ್ಲಿ ಗುಡ್ಡೆ ಹಾಕಿ ರಾತ್ರಿಯಿಡೀ ಕಟ್ಟೆ ಮೇಲಿಟ್ಟು ಬೆಳಗ್ಗೆ ನನಗೆ ಫೋನ್ ಮಾಡಬೇಡಿ. ಶನಿವಾರ ರಸ ಬೆರೆಸಿ, ಮುಚ್ಚಿ, ಹಬೆಯಾಡುವಷ್ಟು ಬಿಸಿ ಮಾಡಿ. ಉಪ್ಪಿನ ರುಚಿ ನೋಡುವುದು ರಸ ಸೇರಿಸಿದ ಮೇಲೆ, ಮೊದಲಲ್ಲ. ಜಾಸ್ತಿಯಾಗಿದ್ದರೆ ಅಥವಾ ಮಾಂಸ ಕಡಿಮೆ ಅನ್ನಿಸಿದರೆ, ತೆಗೆದಿಟ್ಟ ನೆಣದಲ್ಲಿ ಎಲೆಕೋಸು ಬಾಡಿಸಿ ಜೊತೆಗೆ ಬೆರೆಸಿ. ಇದು ನನ್ನ ಜುಗಾಡ್ ಅಲ್ಲ, ಹವಾಯಿಯ ಮನೆಗಳಲ್ಲಿ ವಾರದ ದಿನದ ಊಟವೇ ಕಾಲುವಾ ಮತ್ತು ಎಲೆಕೋಸು. ಪಕ್ಕದಲ್ಲಿ ಬಿಳಿ ಅನ್ನ. ಅನಾನಸ್ ತಂದಾಗಿದೆ ಅಂದರೆ ಊಟ ಆದಮೇಲೆ ಹೆಚ್ಚಿ ಕೊಡಿ.

ಪ್ರಶ್ನೆ: ನಮ್ಮ ತೋಟದಲ್ಲೇ ಗುಂಡಿ ತೋಡಿ ಇಮು ಮಾಡಬಹುದಾ? ಹೊಳೆ ಕಲ್ಲು ಬೇಕಾದಷ್ಟಿದೆ.

ಹೊಳೆ ಕಲ್ಲು ಅಂದ ಕೂಡಲೇ ನನ್ನ ಉತ್ತರ ಬೇಡ. ಕಲ್ಲಿನೊಳಗೆ ಸೇರಿಕೊಂಡ ನೀರು ಕಾದು ಹಬೆಯಾಗಿ, ದಾರಿ ಸಿಗದೆ ಕಲ್ಲನ್ನೇ ಸಿಡಿಸುತ್ತೆ. ಹವಾಯಿಯವರು ತೂತು ತೂತಾದ ಲಾವಾ ಕಲ್ಲನ್ನೇ ಆರಿಸುವುದು ಇದಕ್ಕೇ. ಊರಿಗೆ ಬಂದ ಹೊಸತರಲ್ಲಿ ಗೆಳೆಯರ ತೋಟದಲ್ಲಿ ನಾನೂ ಈ ಜಾಣತನ ತೋರಿಸಿದ್ದೆ. ಪಟಾಕಿ ಹೊಡೆದ ಹಾಗೆ ಸದ್ದಾಯಿತು. ಚೂರೊಂದು ನನ್ನ ಪ್ಯಾಂಟು ಹರಿದು ಹೋಯಿತು. ಎರಡಡಿ ಮೇಲೆ ಬಂದಿದ್ದರೆ ಈ ಅಂಕಣ ಇರುತ್ತಿರಲಿಲ್ಲ.

ಪ್ರಶ್ನೆ: ಹಂದಿ ತಿಂದರೆ ಮೆದುಳಿಗೆ ಹುಳ ಹೋಗುತ್ತಂತೆ. ವಿನೆಗರ್‌ನಲ್ಲಿ ನೆನೆಸಿದರೆ ಸಾಯುತ್ತಾ?

ವಿನೆಗರ್‌ಗೆ ಹುಳ ಸಾಯಲ್ಲ. ನಿಂಬೆ, ಅರಿಶಿನಕ್ಕೂ ಸಾಯಲ್ಲ. ಸಾಯುವುದು ಬಿಸಿಗೆ, ನಮ್ಮ 92 ಡಿಗ್ರಿಗೆ ಏನೂ ಉಳಿಯಲ್ಲ. ಅರೆಬೆಂದ ಮಾಂಸದಿಂದ ಬರುವುದು ಹೊಟ್ಟೆಯ ಲಾಡಿಹುಳ. ಮೆದುಳಿಗೆ ಹೋಗುವುದು ಆ ಹುಳದ ಮೊಟ್ಟೆಯಿಂದ. ಮೊಟ್ಟೆ ಬರುವುದು ಹೊಟ್ಟೆಯಲ್ಲಿ ಲಾಡಿಹುಳ ಇರುವ ಮನುಷ್ಯರ ಮಲದಿಂದ, ಕೊಳಕು ನೀರು, ತೊಳೆಯದ ಹಸಿ ತರಕಾರಿ, ತೊಳೆಯದ ಕೈಗಳ ಮೂಲಕ. ಜೀವನದಲ್ಲಿ ಹಂದಿ ಮುಟ್ಟದವರಿಗೂ ಈ ಕಾಯಿಲೆ ಬರುವುದು ಹೀಗೆ. ಸಲಾಡ್ ಸರಿಯಾಗಿ ತೊಳೆಯಿರಿ, ಅಡುಗೆ ಮಾಡುವವರು ಕೈ ತೊಳೆಯಲಿ.

ಪ್ರಶ್ನೆ: ಊಟದ ನಂತರ ಅನಾನಸ್ ತಿಂದರೆ ಹಂದಿಯ ಕೊಬ್ಬು ಕರಗುತ್ತೆ ಅಂತ ಒಬ್ಬ ವೈದ್ಯರು ವಿಡಿಯೊದಲ್ಲಿ ಹೇಳಿದರು.

ಬ್ರೋಮೆಲಿನ್ ಒಡೆಯುವುದು ಪ್ರೋಟೀನನ್ನು, ಕೊಬ್ಬನ್ನಲ್ಲ. ಆ ವೈದ್ಯರು ಪುಡಿ ಡಬ್ಬಿ ಏನಾದರೂ ಮಾರುತ್ತಿದ್ದರೆ ವಿಡಿಯೊ ಅಲ್ಲಿಗೇ ನಿಲ್ಲಿಸಿ. ಕೊಲೆಸ್ಟರಾಲ್ ಇದ್ದರೆ ಕಡಿಮೆ ತಿನ್ನಿ.

ಪ್ರಶ್ನೆ: ಕೊಡಗಿನ ಕಾಚಂಪುಳಿ ಹಾಕಬಹುದಾ?

ಹಾಕಿ, ಒಳ್ಳೆ ಪಂದಿ ಕರಿ ಮಾಡಿ. ಇದಕ್ಕೆ ಬೇಡ.

ಪ್ರಶ್ನೆ: ಏರ್ ಫ್ರೈಯರ್‌ನಲ್ಲಿ?

ಇಲ್ಲ.

ಪ್ರಶ್ನೆ: ಓವನ್ ಇಲ್ಲ, ಕುಕ್ಕರ್ ಇದೆ.

ಆಗುತ್ತೆ. ಮುಕ್ಕಾಲು ಕೆ.ಜಿ.ಯ ತುಂಡುಗಳು, ಅದೇ ಲೆಕ್ಕದ ಉಪ್ಪು, ಒಂದು ಲೋಟ ನೀರು. ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಒಂದು ಗಂಟೆ. ಕುಕ್ಕರ್ ತಾನಾಗಿ ತಣಿಯಲಿ. ಎಲೆಯ ಘಮ ಅಷ್ಟು ಬರಲ್ಲ.

ಪ್ರಶ್ನೆ: ಲೂವಾವ್ ಅಂದರೆ ಹಂದಿ ಊಟ ಅಂತಲ್ವಾ? ಜೊತೆಗೆ ಏನು ಮಾಡಲಿ?

ಲೂವಾವ್ ಅಂದರೆ ಕೆಸುವಿನ ಎಳೆ ಎಲೆ. ಹಬ್ಬದೂಟಕ್ಕೆ ಆ ಎಲೆಯ ಹೆಸರೇ ಬಂತು. ಹಿಂದೆ ಅಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಕೂತು ಉಣ್ಣುವಂತಿರಲಿಲ್ಲ. ಹೆಂಗಸರಿಗೆ ಹಂದಿ ಮಾಂಸವೂ ಇರಲಿಲ್ಲ. ಬಹುತೇಕ ಬಾಳೆಹಣ್ಣು, ತೆಂಗಿನಕಾಯಿಯೂ ಇರಲಿಲ್ಲ. 1819ರಲ್ಲಿ ಎರಡನೇ ಕಮೆಹಮೆಹಾ ರಾಜ ಹೆಂಗಸರ ಜೊತೆ ಊಟಕ್ಕೆ ಕೂತ. ಕಟ್ಟಳೆ ಅಲ್ಲಿಗೆ ಮುರಿಯಿತು. ಜೊತೆಗೆ ಕೆಸುವಿನ ಎಲೆಯನ್ನೇ ಮಾಡಿ. ಪತ್ರೊಡೆ ತಿಂದು ಬೆಳೆದವರಿಗೆ ಹೇಳಿಕೊಡಬೇಕಿಲ್ಲ. ಒಂದೇ ಎಚ್ಚರ: ಅಲ್ಲಿ ಹುಣಸೆ ಹಾಕಲ್ಲ, ಆದ್ದರಿಂದ ಒಂದು ಗಂಟೆಗೂ ಜಾಸ್ತಿ ಬೇಯಿಸಿ, ಆಮೇಲೆ ತೆಂಗಿನ ಹಾಲು. ಬೇಗ ಇಳಿಸಿದರೆ ಹನ್ನೆರಡು ಜನರ ಗಂಟಲೂ ಕೆರೆಯುತ್ತೆ.

ಪ್ರಶ್ನೆ: ಬರುವವರಲ್ಲಿ ಇಬ್ಬರು ಹಂದಿ ತಿನ್ನಲ್ಲ. ಹೇಳದೆ ಬಡಿಸಿದರೆ ಗೊತ್ತಾಗುತ್ತಾ?

ಇಂಥ ಪತ್ರ ಇನ್ನೊಮ್ಮೆ ಬರೆಯಬೇಡಿ. ಅವರಿಗೆ ಕೋಳಿ ತೊಡೆ, ಅದೇ ಉಪ್ಪು, ಅದೇ ಹೊಗೆ, ಅದೇ ಎಲೆ, ಸುಮಾರು ಎರಡು ಗಂಟೆ. ಬೇರೆ ಟ್ರೇ, ಬೇರೆ ಚಾಕು, ಬೇರೆ ಚಮಚ.

ಪ್ರಶ್ನೆ: ಮಧ್ಯದಲ್ಲಿ ಕರೆಂಟು ಹೋದರೆ?

ಬಾಗಿಲು ತೆಗೆಯಬೇಡಿ. ಅರ್ಧ ಗಂಟೆಯೊಳಗೆ ಬಂದರೆ ಅಷ್ಟೇ ಹೊತ್ತು ಕೂಡಿಸಿ ಬೇಯಿಸಿ. ಬರುವ ಲಕ್ಷಣ ಇಲ್ಲದಿದ್ದರೆ ತುಂಡು ಮಾಡಿ ಕುಕ್ಕರ್‌ಗೆ ಹಾಕಿ, ಮೇಲೆ ಬರೆದಿದ್ದೇನೆ. ಇನ್ವರ್ಟರ್‌ಗೆ ಓವನ್ ಹಚ್ಚಲು ಹೋಗಬೇಡಿ. ಕಳೆದ ಡಿಸೆಂಬರ್‌ನಲ್ಲಿ ನಾನು ಹೋಗಿದ್ದೆ. ಆಮೇಲೆ ಫ್ಯಾನೂ ಇಲ್ಲ, ದೀಪವೂ ಇಲ್ಲ, ಮೊಬೈಲ್ ಬೆಳಕಲ್ಲಿ ಎಳೆ ಬಿಡಿಸಿದೆ.