ಓದುಗರ ಪ್ರಶ್ನೆ: ನದಿ ತಿರುವಿನ ಕೌದಿಗಳು

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕದ ಅಲಬಾಮಾಕ್ಕೆ ಬಂದಿದ್ದೇನೆ. ಮಾಂಟ್‌ಗೊಮೆರಿಯಲ್ಲಿದ್ದೇವೆ. ಅಳಿಯನ ಅಂಚೆಚೀಟಿ ಸಂಗ್ರಹದಲ್ಲಿ 2006ರ ಹತ್ತು ಚೀಟಿಗಳನ್ನು ನೋಡಿದೆ. ಎಲ್ಲದರಲ್ಲೂ ಕೌದಿ ಚಿತ್ರ. ಜೀಸ್ ಬೆಂಡ್ ಅನ್ನುವ ಹಳ್ಳಿಯ ಹೆಂಗಸರು ಹೊಲಿದದ್ದಂತೆ. ಅದು ಇಲ್ಲಿಗೆ ಹತ್ತಿರದ ವಿಲ್ಕಾಕ್ಸ್ ಕೌಂಟಿಯಲ್ಲಿದೆ, ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಆದರೆ ಅಲ್ಲಿ ನೋಡುವಂಥದ್ದು ಏನೂ ಇಲ್ಲ ಅಂತಾರೆ ಅಳಿಯ. ಹೌದಾ?

ಉತ್ತರ: ನಿಮ್ಮ ಪತ್ರ ನೋಡಿ ತುಂಬ ಖುಷಿಯಾಯಿತು. ಮಾಂಟ್‌ಗೊಮೆರಿಯಲ್ಲಿ ನಾನೂ ಆರು ವರ್ಷ ಇದ್ದೆ. ಜೀಸ್ ಬೆಂಡಿಗೆ ನಾಲ್ಕು ಸಲ ಹೋಗಿದ್ದೇನೆ. ನನಗೆ ಸೂಜಿ ದಾರದ ಹುಚ್ಚು, ಮೊದಲ ಸಲ ಹೋದದ್ದು ಹೊಲಿಗೆ ನೋಡಲಿಕ್ಕೆ ಅಷ್ಟೇ. ಆಮೇಲೆ ಆ ಊರಿನ ಕಥೆ ನನ್ನನ್ನು ಬಿಡಲಿಲ್ಲ.

ಅಲಬಾಮಾ ನದಿ ಅಲ್ಲಿ ಕುದುರೆ ಲಾಳದ ಹಾಗೆ ಬಾಗಿ ಹರಿಯುತ್ತದೆ. ಮೂರು ಕಡೆ ನೀರು. ಆ ತಿರುವಿನ ಒಳಗಿದೆ ಜೀಸ್ ಬೆಂಡ್. ಬಾಯ್ಕಿನ್ ಅಂತಲೂ ಅದಕ್ಕೆ ಹೆಸರಿದೆ. ಕೌಂಟಿಯ ಕೋರ್ಟು ಕಚೇರಿಯೆಲ್ಲ ಇರುವ ಕ್ಯಾಮ್ಡೆನ್ ನದಿಯ ಆಚೆ ಇದೆ. ದೋಣಿಯಲ್ಲಿ ದಾಟಿದರೆ ಹತ್ತಿರ. ರಸ್ತೆಯಲ್ಲಿ ಸುತ್ತಿ ಹೋದರೆ ಒಂದು ಗಂಟೆ. ಈ ಒಂದು ಗಂಟೆಯನ್ನು ನೆನಪಿಟ್ಟುಕೊಳ್ಳಿ.

1816ರಲ್ಲಿ ಜೋಸೆಫ್ ಜೀ ಎಂಬಾತ ಇಲ್ಲಿ ಹತ್ತಿ ತೋಟ ಮಾಡಿದ. ಊರಿಗೆ ಅವನ ಹೆಸರು ಬಂತು. 1845ರಲ್ಲಿ ತೋಟ ಮಾರ್ಕ್ ಪೆಟ್‌ವೇ ಕೈಸೇರಿತು. ಅವನು ನಾರ್ತ್ ಕ್ಯಾರೊಲಿನಾದಿಂದ ಸುಮಾರು 100 ಗುಲಾಮರನ್ನು ಕರೆತಂದ. ಅಡುಗೆಯವಳೊಬ್ಬಳನ್ನು ಬಿಟ್ಟು ಮಿಕ್ಕವರೆಲ್ಲ ಅಷ್ಟು ದೂರ ನಡೆದೇ ಬಂದರು ಅಂತ ಊರವರು ಹೇಳುತ್ತಾರೆ. ಇವತ್ತಿಗೂ ಅಲ್ಲಿ ಎಷ್ಟೋ ಮನೆಗಳವರ ಹೆಸರು ಪೆಟ್‌ವೇ. ಗುಲಾಮಗಿರಿ ಮುಗಿದ ಮೇಲೂ ಅದೇ ಮಣ್ಣಿನಲ್ಲಿ ಗೇಣಿಗೆ ದುಡಿದವರ ಮಕ್ಕಳು ಮೊಮ್ಮಕ್ಕಳು ಅವರು. ಸ್ಮಶಾನದ ಕಲ್ಲುಗಳಲ್ಲಿ ಸಾಲು ಸಾಲಾಗಿ ಅದೇ ಹೆಸರು ಓದುತ್ತಾ ಹೋದಾಗ ನನಗೆ ಗಂಟಲು ಕಟ್ಟಿತ್ತು.

1932ರಲ್ಲಿ ದೊಡ್ಡ ಪೆಟ್ಟು ಬಿತ್ತು. ಹತ್ತಿ ಬೆಲೆ ಪಾತಾಳಕ್ಕೆ ಇಳಿದಿತ್ತು. ಊರಿನವರಿಗೆ ಸಾಲ ಕೊಡುತ್ತಿದ್ದ ಕ್ಯಾಮ್ಡೆನ್ನಿನ ವ್ಯಾಪಾರಿ ತೀರಿಕೊಂಡ. ಅವನ ಮನೆಯವರು ಸಾಲ ವಸೂಲಿಗೆ ಆಳುಗಳನ್ನು ಕಳಿಸಿದರು. ಹೇಸರಗತ್ತೆ, ಹಸು, ನೇಗಿಲು, ಕೂಡಿಟ್ಟ ಮೆಕ್ಕೆಜೋಳ, ಗೆಣಸು, ಒಂದನ್ನೂ ಬಿಡದೆ ಹೊತ್ತು ಹೋದರು. ಆ ಚಳಿಗಾಲ ಜನ ಬದುಕಿದ್ದು ರೆಡ್ ಕ್ರಾಸ್ ಕಳಿಸಿದ ಆಹಾರದಿಂದ.

ಇದರ ನಂತರ ನಡೆದದ್ದು ನನಗೆ ಎಲ್ಲಕ್ಕಿಂತ ಮುಖ್ಯ. 1930ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರ ಆ ತೋಟದ ಜಮೀನನ್ನು ಕೊಂಡುಕೊಂಡಿತು. ಹಲಗೆ ಮನೆಗಳನ್ನು ಕಟ್ಟಿಸಿತು. ಆಗಿನ ಅಧ್ಯಕ್ಷರ ಹೆಸರಿನಿಂದ ರೂಸ್‌ವೆಲ್ಟ್ ಮನೆ ಅಂತಲೇ ಜನ ಕರೆಯುತ್ತಾರೆ. ಕಡಿಮೆ ಬಡ್ಡಿಯ ಸಾಲ ಕೊಟ್ಟು 1940ರ ದಶಕದಲ್ಲಿ ಹೊಲ ಮನೆಗಳನ್ನು ಅಲ್ಲಿನವರಿಗೇ ಮಾರಿತು. ಗೇಣಿದಾರರು ಮಾಲೀಕರಾದರು. ಕೌಂಟಿಯ ಬೇರೆ ಕಡೆ ಕಪ್ಪು ಜನ ವೋಟಿನ ಪಟ್ಟಿಗೆ ಹೆಸರು ಬರೆಸಲು ಹೋದರೆ ಜಮೀನ್ದಾರ ಮನೆ ಖಾಲಿ ಮಾಡಿಸುತ್ತಿದ್ದ. ಜೀಸ್ ಬೆಂಡಿನಲ್ಲಿ ಖಾಲಿ ಮಾಡಿಸುವವರು ಯಾರಿದ್ದರು? ಮನೆ ಅವರದೇ. ಅದಕ್ಕೇ ಅವರು ಧೈರ್ಯವಾಗಿ ಕ್ಯಾಮ್ಡೆನ್ನಿಗೆ ಹೊರಟರು. ಆಗ ವಿಲ್ಕಾಕ್ಸ್ ಕೌಂಟಿಯಲ್ಲಿ ಜಾಸ್ತಿ ಇದ್ದದ್ದು ಕಪ್ಪು ಜನವೇ. ಮತದಾರರ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿರಲಿಲ್ಲ.

1962ರಲ್ಲಿ ಅಧಿಕಾರಿಗಳು ದೋಣಿಯನ್ನೇ ನಿಲ್ಲಿಸಿದರು. ಕಾರಿಲ್ಲದ ಜನಕ್ಕೆ ಆ ಒಂದು ಗಂಟೆಯ ಸುತ್ತು ದಾರಿ ಅಂದರೆ ಏನು ಅಂತ ಯೋಚಿಸಿ. ಆದರೂ ಅವರು ಬಿಡಲಿಲ್ಲ. 1965ರ ಫೆಬ್ರವರಿಯಲ್ಲಿ, ಮಳೆ ಸುರಿಯುವಾಗ, ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿನ ಪ್ಲೆಸೆಂಟ್ ಗ್ರೋವ್ ಚರ್ಚಿಗೆ ಬಂದು ಮಾತಾಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಮತದಾನ ಹಕ್ಕಿನ ಕಾಯ್ದೆ ಬಂತು. ಮೂರು ವರ್ಷದ ಮೇಲೆ ಅಟ್ಲಾಂಟಾದಲ್ಲಿ ಕಿಂಗ್ ಅವರ ಶವಪೆಟ್ಟಿಗೆಯ ಗಾಡಿ ಎಳೆದದ್ದು ಜೀಸ್ ಬೆಂಡಿನ ಹೇಸರಗತ್ತೆಗಳು. ದೋಣಿ ಮತ್ತೆ ಬಂದದ್ದು 2006ರಲ್ಲಿ. 44 ವರ್ಷ!

ಈಗ ಕೌದಿ. ಸಂದಿ ಬಿದ್ದ ಮರದ ಮನೆ, ಗೋಡೆಗೆ ಹಳೇ ಪೇಪರ್ ಅಂಟಿಸಿದರೂ ಒಳಗೆ ನುಗ್ಗುವ ಚಳಿ. ಕೈಗೆ ಸಿಕ್ಕ ಬಟ್ಟೆ, ಹಿಟ್ಟಿನ ಚೀಲ, ಗೊಬ್ಬರದ ಚೀಲ ಎಲ್ಲ ಸೇರಿಸಿ ಹೆಂಗಸರು ಹೊಲಿದರು. ಹೊಲದಲ್ಲಿ ತೊಟ್ಟ ಡೆನಿಮ್ ಪ್ಯಾಂಟುಗಳ ಕೌದಿಯನ್ನು ಹತ್ತಿರದಿಂದ ನೋಡಿ. ಮೊಣಕಾಲಿನ ಜಾಗ ಬಿಳಿಚಿಕೊಂಡಿರುತ್ತದೆ. ಜೇಬು ಬಿಚ್ಚಿದ ಕಡೆ ಗಾಢ ನೀಲಿ ಹಾಗೇ ಉಳಿದಿರುತ್ತದೆ. ದುಡಿದವನ ಮೈ ಕಂಡ ಹಾಗೆ ಆಗುತ್ತದೆ. 1942ರಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳಿಂದಲೇ ಒಂದು ಕೌದಿ ಹೊಲಿದರು, ಅದನ್ನು ಹೊದ್ದು ಮಲಗಲಿಕ್ಕೆ. ಅದರ ಚಿತ್ರ ನೋಡಿದಾಗಲೆಲ್ಲ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಡುತ್ತೇನೆ.

ಅಳತೆ ಪಟ್ಟಿ ಹಿಡಿದ ಹೊಲಿಗೆಯಲ್ಲ ಅದು. ನಡುವೆ ಒಂದು ಚೌಕ ಇಟ್ಟು ಸುತ್ತಲೂ ಪಟ್ಟಿ ಕೂಡಿಸುತ್ತಾ ಹೋಗುವ ವಿನ್ಯಾಸಕ್ಕೆ ಅವರು ಹೌಸ್‌ಟಾಪ್ ಅನ್ನುತ್ತಾರೆ. ಅದೇ ವಿನ್ಯಾಸ ಹತ್ತು ಕೈಯಲ್ಲಿ ಹತ್ತು ಥರ ಆಗಿರುತ್ತದೆ. ಮೂಲೆ ವಾಲಿದ್ದರೆ ವಾಲಿದ್ದೇ ಚೆಂದ.

ಪ್ರಶ್ನೆ: ಕೌದಿಗಳು ಮ್ಯೂಸಿಯಂ ಸೇರಿದವಲ್ಲ, ಹೊಲಿದವರಿಗೆ ಏನು ಸಿಕ್ಕಿತು?

ಉತ್ತರ: ಕೇಳಲೇಬೇಕಾದ ಪ್ರಶ್ನೆ. 1966ರಲ್ಲಿ ಫ್ರೀಡಮ್ ಕ್ವಿಲ್ಟಿಂಗ್ ಬೀ ಅಂತ ಹೆಂಗಸರ ಸಹಕಾರ ಸಂಘ ಶುರುವಾಯಿತು. ಸಂಘವೇ 23 ಎಕರೆ ಜಮೀನು ಕೊಂಡು, ವೋಟಿನ ಕಾರಣಕ್ಕೆ ಮನೆ ಕಳೆದುಕೊಂಡ ಕುಟುಂಬಗಳಿಗೂ ಜಾಗ ಮಾರಿತು. 1972ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ಎಂಬ ಗೀರು ಗೀರಾದ ದಪ್ಪ ಬಟ್ಟೆಯ ದಿಂಬಿನ ಕವರ್ ಹೊಲಿದುಕೊಡುವ ಕೆಲಸ ಸಿಕ್ಕಿತು. ಮಿಕ್ಕ ತುಂಡುಗಳು ಮನೆ ಸೇರಿ ಬೇರೆಯೇ ಥರದ ಕೌದಿಗಳಾದವು. 2002ರಲ್ಲಿ ಹ್ಯೂಸ್ಟನ್ನಿನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನವಾಗಿ ಹೆಸರು ಬಂತು. ಬಂದ ಹಣ ತಮಗೆ ಸರಿಯಾಗಿ ತಲುಪಲಿಲ್ಲ ಅಂತ 2007ರಲ್ಲಿ ಕೆಲವರು ಕೋರ್ಟಿಗೂ ಹೋದರು. ಮರುವರ್ಷ ಅದು ಮುಗಿಯಿತು. 2015ರಲ್ಲಿ ಮೇರಿ ಲೀ ಬೆಂಡಾಲ್ಫ್, ಲೂಸಿ ಮಿಂಗೊ, ಲೊರೆಟ್ಟಾ ಪೆಟ್‌ವೇ ಈ ಮೂವರಿಗೆ ರಾಷ್ಟ್ರ ಗೌರವ ಸಿಕ್ಕಿತು. 2020ರಲ್ಲಿ ಇಡೀ ಕೌಂಟಿಯ ಜನಸಂಖ್ಯೆ 10,600ರ ಆಸುಪಾಸು ಇತ್ತು. ಬಡತನ ಇನ್ನೂ ಇದೆ. ಮ್ಯೂಸಿಯಂ ಗೋಡೆಯ ಹೆಸರಿಗೂ ಆ ಊರಿನ ಬದುಕಿಗೂ ಇರುವ ಅಂತರ ನನಗೆ ಈಗಲೂ ನೋವು ಕೊಡುತ್ತದೆ.

ಪ್ರಶ್ನೆ: ಹೋಗುವುದು ಹೇಗೆ?

ಉತ್ತರ: ಸೆಲ್ಮಾ ಮೇಲೆ ಕ್ಯಾಮ್ಡೆನ್ನಿಗೆ ಹೋಗಿ. ಅಲ್ಲಿನ ಹಳೇ ಕೋರ್ಟ್ ಕಟ್ಟಡವನ್ನು ಒಮ್ಮೆ ನೋಡಿ. ಆಮೇಲೆ ದೋಣಿಯಲ್ಲೇ ದಾಟಿ. ಕಾರನ್ನೂ ಹತ್ತಿಸಬಹುದು. 2019ರಿಂದ ಅದು ಪೂರ್ತಿ ವಿದ್ಯುತ್ತಿನಲ್ಲಿ ಓಡುತ್ತದೆ. ಹೊರಡುವ ಮುಂಚೆ ಫೋನ್ ಮಾಡಿ, ನದಿ ಏರಿದ್ದರೆ ಬಿಡುವುದಿಲ್ಲ. ಅಕ್ಟೋಬರಿನಲ್ಲಿ ಹೋದರೆ ಇನ್ನೂ ಒಳ್ಳೆಯದು. ಊರ ತುಂಬ ಕೌದಿಗಳನ್ನು ಬಿಸಿಲಿಗೆ ಹರವುವ ಹಬ್ಬ 2022ರಿಂದ ನಡೆಯುತ್ತಿದೆ. ಕೌದಿ ಕೊಂಡರೆ ಹೊಲಿದವರ ಕೈಯಿಂದಲೇ ಕೊಳ್ಳಿ. ಯಾವ ತುಂಡು ಯಾರ ಬಟ್ಟೆಯದು ಅಂತ ಕೇಳಿ, ಅವರು ಹೇಳುತ್ತಾರೆ. ಅಳಿಯನನ್ನೂ ಕರೆದುಕೊಂಡು ಹೋಗಿ.