ಕಾರು ಬಿಟ್ಟು ಓಡಿದವನ ಹಿಂದೆ ಪೊಲೀಸ್ ನಾಯಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ಪೊಲೀಸರು ಕಾರು ನಿಲ್ಲಿಸುವುದು, ಚಾಲಕ ಬಾಗಿಲು ತೆರೆದು ಓಡುವುದು, ನಾಯಿ ಅವನನ್ನು ಪೊದೆಯೊಳಗಿಂದ ಹಿಡಿದೆಳೆಯುವುದು: ಈ ಬಗೆಯ ವಿಡಿಯೊಗಳು ಮೊಬೈಲಿನಲ್ಲಿ ಹರಿದಾಡತೊಡಗಿದ ಮೇಲೆ, ಹಿಂದೆ ನಾಯಿಯ ಉಣ್ಣಿ ಮತ್ತು ಜಂತುಹುಳುವಿನ ಬಗ್ಗೆ ಕೇಳುತ್ತಿದ್ದ ಓದುಗರೂ ಇದನ್ನೇ ಕೇಳುತ್ತಿದ್ದಾರೆ. ಇಪ್ಪತ್ತಾರು ವರ್ಷ ನಾಯಿಗಳಿಗೆ ಜಾಡು ಹಿಡಿಯುವುದನ್ನು ಕಲಿಸಿದವನಾದ್ದರಿಂದ ಒಮ್ಮೆಗೇ ಉತ್ತರಿಸಿಬಿಡುತ್ತೇನೆ. ಪೊಲೀಸರು ನಿಲ್ಲಿಸಿದಾಗ ನಿಲ್ಲಬೇಕು ಎಂಬುದನ್ನು ನಾನು ಬರೆಯಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಪ್ರಶ್ನೆ: ಓಡಿದವನು ಕತ್ತಲಲ್ಲಿ ಮಾಯವಾದ ಮೇಲೆ ಪೊಲೀಸರು ಬೆನ್ನಟ್ಟದೆ ಕಾರಿನ ಪಕ್ಕದಲ್ಲೇ ನಿಂತುಬಿಡುತ್ತಾರೆ. ನಾಯಿ ಬರುವಷ್ಟರಲ್ಲಿ ಅವನು ಎಲ್ಲಿಗೋ ಹೋಗಿರುವುದಿಲ್ಲವೇ? ಅವನ ಬಟ್ಟೆಯೂ ಇಲ್ಲದೆ ನಾಯಿಗೆ ವಾಸನೆ ಹೇಗೆ ತಿಳಿಯುತ್ತದೆ? (ಹುಬ್ಬಳ್ಳಿಯ ಓದುಗರು)

ಅವರು ಸೋಮಾರಿತನದಿಂದ ನಿಂತಿಲ್ಲ. ಆ ಹೊತ್ತಿನಲ್ಲಿ ಮಾಡಬೇಕಾದ ಅತ್ಯಂತ ಕಷ್ಟದ ಕೆಲಸವನ್ನೇ ಅವರು ಮಾಡುತ್ತಿದ್ದಾರೆ. ಓಡಿದವನು ಕಣ್ಣಿಗೆ ಕಾಣುವವರೆಗೆ ಬೆನ್ನಟ್ಟಬಹುದು. ಕಣ್ಮರೆಯಾದ ಕ್ಷಣದಿಂದ ಅವನ ಹಿಂದೆ ಇಡುವ ಪ್ರತಿ ಹೆಜ್ಜೆಯೂ ನಾಯಿಯ ಕೆಲಸವನ್ನು ಕೆಡಿಸುತ್ತದೆ. ಆದ್ದರಿಂದ ಅವನನ್ನು ಕೊನೆಯದಾಗಿ ಕಂಡ ಜಾಗವನ್ನು ನೆನಪಿಟ್ಟುಕೊಂಡು, ಉಳಿದ ಗಾಡಿಗಳನ್ನು ಸುತ್ತಲಿನ ಬೀದಿಗಳ ಮೂಲೆಗಳಿಗೆ ಕಳಿಸಿ, ಆ ನಾಲ್ಕಾರು ಬೀದಿಗಳ ಪ್ರದೇಶವನ್ನು ಮುಚ್ಚಿಬಿಡುತ್ತಾರೆ. ಮೂಲೆಮೂಲೆಯಲ್ಲಿ ಗಾಡಿಯ ದೀಪ ಕಂಡವನು ರಸ್ತೆ ದಾಟುವ ಧೈರ್ಯ ಮಾಡದೆ ಯಾವುದೋ ಹಿತ್ತಿಲಿನಲ್ಲೋ ಶೆಡ್ಡಿನ ಹಿಂದೆಯೋ ಅವಿತುಕೊಳ್ಳುತ್ತಾನೆ. ನಮಗೆ ಬೇಕಾದದ್ದೂ ಅದೇ, ಏಕೆಂದರೆ ಓಡುವವನ ವಾಸನೆ ಗಾಳಿಯಲ್ಲಿ ಚದುರಿಹೋಗುತ್ತದೆ, ಕುಳಿತವನ ವಾಸನೆ ಒಂದೆಡೆ ಮಡುಗಟ್ಟುತ್ತದೆ.

ಇನ್ನು ಬಟ್ಟೆಯ ವಿಷಯ. ಸಿನಿಮಾದಲ್ಲಿ ಕರವಸ್ತ್ರ ಮೂಸಿಸುವುದನ್ನು ನೋಡಿ ಎಲ್ಲರೂ ಇದನ್ನು ಕೇಳುತ್ತಾರೆ. ವಸ್ತು ಮೂಸಿಸಿ ಹುಡುಕಿಸುವ ಕ್ರಮವೂ ಇದೆ, ಬ್ಲಡ್‌ಹೌಂಡ್ ನಾಯಿಗಳಿಗೆ ಅದನ್ನು ಚೆನ್ನಾಗಿ ಕಲಿಸುತ್ತಾರೆ. ಆದರೆ ಕಾರು ಬಿಟ್ಟು ಓಡಿದವನು ತನ್ನ ಸೀಟನ್ನೇ ಬಿಟ್ಟುಹೋಗಿರುತ್ತಾನಲ್ಲ! ಹ್ಯಾಂಡ್ಲರ್, ಅಂದರೆ ನಾಯಿಯನ್ನು ನಡೆಸುವ ಪೊಲೀಸ್, ಅದನ್ನು ಚಾಲಕನ ಬಾಗಿಲ ಬಳಿ ತಂದು, ಕೊರಳಪಟ್ಟಿಯಿಂದ ಕೊಂಡಿ ಬಿಚ್ಚಿ ಎದೆಪಟ್ಟಿಗೆ ಉದ್ದ ಹಗ್ಗ ಸಿಕ್ಕಿಸುತ್ತಾನೆ. ಪಟ್ಟಿ ಬದಲಾಯಿತೆಂದರೆ ಈಗ ಜಾಡಿನ ಕೆಲಸ ಎಂದು ನಾಯಿಗೆ ತಿಳಿಯುತ್ತದೆ. ಮನುಷ್ಯನ ಮೈಯಿಂದ ಚರ್ಮದ ಸಣ್ಣ ಚೂರುಗಳು ಎಡೆಬಿಡದೆ ಉದುರುತ್ತಿರುತ್ತವೆ. ಅವು ಬಿದ್ದ ದಾರಿಯ ಜೊತೆಗೆ ಕಾಲಡಿಯಲ್ಲಿ ಜಜ್ಜಿಹೋದ ಹುಲ್ಲು, ಕದಡಿದ ಮಣ್ಣು ಬೇರೆಯೇ ವಾಸನೆ ಬಿಡುತ್ತವೆ. ಅಲ್ಲಿಂದ ಹೊರಟ ಅತ್ಯಂತ ಹೊಸ ಜಾಡು ಯಾವುದೋ ಅದರ ಹಿಂದೆ ನಾಯಿ ಹೋಗುತ್ತದೆ.

‘ಅತ್ಯಂತ ಹೊಸ’ ಎಂಬ ಮಾತನ್ನು ದಯವಿಟ್ಟು ಎರಡು ಸಲ ಓದಿ. ಒಮ್ಮೆ ಅಭ್ಯಾಸದ ವೇಳೆ ಅವಿತುಕೊಳ್ಳಬೇಕಾದವನು ಜೋಳದ ಹೊಲ ಹೊಕ್ಕ ಮೇಲೆ, ಉತ್ಸಾಹಿ ಕಾನ್‌ಸ್ಟೆಬಲ್ ಒಬ್ಬರು ಅದೇ ಬದುವಿನ ಮೇಲೆ ನೂರು ಹೆಜ್ಜೆ ಓಡಿ, ಬಳಸುದಾರಿಯಲ್ಲಿ ಮರಳಿ ಬಂದಿದ್ದರು. ನಮ್ಮ ನಾಯಿ ಬದುವಿನುದ್ದಕ್ಕೂ ಮೂಗು ಊರಿಕೊಂಡು ಹೋಗಿ, ಬಳಸುದಾರಿ ಹಿಡಿದು ತಿರುಗಿ ಬಂದು, ಜೀಪಿಗೆ ಒರಗಿ ಚಹಾ ಕುಡಿಯುತ್ತಿದ್ದ ಅವರ ಬೂಟಿಗೆ ಮೂಗು ಒತ್ತಿ ಬಾಲ ಆಡಿಸುತ್ತ ನಿಂತಿತು. ಎಲ್ಲರೂ ನಾಯಿಯನ್ನು ನೋಡಿ ನಕ್ಕರು. ನನ್ನ ಪ್ರಕಾರ ಅಂದು ಅಲ್ಲಿ ತಪ್ಪಿಲ್ಲದೆ ಕೆಲಸ ಮಾಡಿದ್ದು ಅದೊಂದೇ.

ಡಾಂಬರು, ಕಾಂಕ್ರೀಟಿನ ಮೇಲೆ ಜಾಡು ಬೇಗ ಸಾಯುತ್ತದೆ. ಬಿಸಿಲು ಕಾದ ರಸ್ತೆಯಲ್ಲಂತೂ ನಾಯಿಯ ಪಾದವೂ ಸುಡುತ್ತದೆ. ವಾಹನಗಳ ಗಾಳಿಗೆ ವಾಸನೆ ರಸ್ತೆಯಂಚಿನ ಹುಲ್ಲಿಗೆ ತಳ್ಳಲ್ಪಟ್ಟಿರುವುದರಿಂದ ನಾಯಿ ಕೆಲವೊಮ್ಮೆ ಓಡಿದವನ ದಾರಿಗೆ ನಾಲ್ಕು ಮಾರು ಪಕ್ಕದಲ್ಲಿ ಸಾಗುತ್ತದೆ. ಅದನ್ನು ಕಂಡು ‘ಇಲ್ಲಿ ಬಾ, ಬೇಲಿ ಇಲ್ಲಿ ಮುರಿದಿದೆ’ ಎಂದು ಹಗ್ಗ ಜಗ್ಗುವ ಹ್ಯಾಂಡ್ಲರ್ ನನ್ನ ಕೈಕೆಳಗೆ ಇದ್ದಿದ್ದರೆ ಅವನಿಗೆ ಗೂಡು ತೊಳೆಯುವ ಕೆಲಸ ಕೊಡುತ್ತಿದ್ದೆ. ಬಲ್ಲ ಹ್ಯಾಂಡ್ಲರ್ ಅಂಗೈಯಲ್ಲೇ ನಾಯಿಯನ್ನು ಓದುತ್ತಾನೆ. ಜಾಡಿನಲ್ಲಿರುವಾಗ ಹಗ್ಗದ ಬಿಗಿ ಒಂದೇ ಸಮನಾಗಿರುತ್ತದೆ, ತಿರುವು ತಪ್ಪಿದಾಗ ಸಡಿಲವಾಗುತ್ತದೆ, ಗುರಿ ಹತ್ತಿರವಾದಾಗ ನಾಯಿ ನೆಲ ಬಿಟ್ಟು ಮೂಗನ್ನು ಗಾಳಿಗೆತ್ತುತ್ತದೆ. ಅಲ್ಲಿ ಹ್ಯಾಂಡ್ಲರ್ ನಿಲ್ಲಬೇಕು, ಗಟ್ಟಿಯಾಗಿ ಎಚ್ಚರಿಕೆ ಕೊಡಬೇಕು, ಅವಿತವನಿಗೆ ಹೊರಬರಲು ಸಮಯ ಕೊಡಬೇಕು.

ಪ್ರಶ್ನೆ: ಕೈ ಎತ್ತಿ ನಿಂತರೆ ನಾಯಿ ಕಚ್ಚುವುದಿಲ್ಲ ತಾನೇ? (ಕ್ಯಾಲಿಫೋರ್ನಿಯಾದಲ್ಲಿ ಮಗನಿರುವ ತಾಯಿಯೊಬ್ಬರು)

ಹಾಗೆ ನಂಬಿ ಕೂರಬೇಡಿ ತಾಯಿ. ಹಿಡಿಯುವುದರಲ್ಲಿ ಎರಡು ಪದ್ಧತಿಗಳಿವೆ. ಒಂದರಲ್ಲಿ ಸಿಕ್ಕವನು ಅಲುಗದೆ ನಿಂತರೆ ನಾಯಿ ಬೊಗಳುತ್ತ ತಡೆದು ನಿಲ್ಲುತ್ತದೆ. ಇನ್ನೊಂದರಲ್ಲಿ ಸಿಕ್ಕ ಅಂಗವನ್ನು ಕಚ್ಚಿ, ಆಜ್ಞೆ ಬರುವವರೆಗೆ ಬಿಡುವುದಿಲ್ಲ. ಅಮೆರಿಕದ ಬಹುತೇಕ ಇಲಾಖೆಗಳು ಎರಡನೆಯದನ್ನೇ ಕಲಿಸುತ್ತವೆ. ದಪ್ಪ ತೋಳುಕವಚ ತೊಟ್ಟು ನಾಯಿಗೆ ಕೈ ಕೊಟ್ಟವನು ನಾನು. ಕವಚದೊಳಗೂ ಮೊಣಕೈ ಕೆಳಗೆ ವಾರಗಟ್ಟಲೆ ನೀಲಿಗಟ್ಟಿರುತ್ತಿತ್ತು. ಬರಿಗೈಯವನು ನೋವಿಗೆ ಒದ್ದಾಡುತ್ತಾನೆ, ಅವನ ಒದ್ದಾಟ ನಾಯಿಗೆ ಪ್ರತಿರೋಧವಾಗಿ ಕಾಣುತ್ತದೆ, ಹಿಡಿತ ಇನ್ನೂ ಬಿಗಿಯಾಗುತ್ತದೆ.

2023ರ ಜುಲೈ 4ರಂದು ಒಹಾಯೊದಲ್ಲಿ, ಹಿಂದಿನ ಗಾಲಿಯ ಕೆಸರುತಡೆ ಇಲ್ಲವೆಂದು ಪೊಲೀಸರು ನಿಲ್ಲಿಸಲು ಹೋದ ಲಾರಿಯೊಂದು ನಿಲ್ಲದೆ ಓಡಿತು. ಕೊನೆಗೆ ಚಾಲಕ ಕೆಳಗಿಳಿದು ಕೈ ಎತ್ತಿದ್ದ. ‘ಕೈ ಎತ್ತಿದ್ದಾನೆ, ನಾಯಿ ಬಿಡಬೇಡಿ’ ಎಂದು ರಾಜ್ಯದ ಹೆದ್ದಾರಿ ಪೊಲೀಸ್ ಅಧಿಕಾರಿ ಮತ್ತೆ ಮತ್ತೆ ಕೂಗುತ್ತಿದ್ದರೂ ಸರ್ಕಲ್‌ವಿಲ್ ಪಟ್ಟಣದ ಹ್ಯಾಂಡ್ಲರ್ ನಾಯಿ ಬಿಟ್ಟ. ಆಮೇಲೆ ಪಟ್ಟಣದ ಆಡಳಿತ ಅವನನ್ನು ಕೆಲಸದಿಂದ ತೆಗೆಯಿತು. ಅಲ್ಲಿ ನಾಯಿಯನ್ನು ಬೈದವರಿಗೆ ನನ್ನ ಸಹಾನುಭೂತಿ ಇಲ್ಲ. ಕೊಂಡಿ ಬಿಚ್ಚಿದ್ದು ಮನುಷ್ಯನ ಬೆರಳು.

ಕಾನೂನೂ ಇದನ್ನು ತೂಗಿ ನೋಡುತ್ತದೆ. 1988ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಂಚಾರ ನಿಯಮ ಮುರಿದುದಕ್ಕೆ ನಿಲ್ಲಿಸಲ್ಪಟ್ಟ ಒಬ್ಬಾತ, ತನ್ನ ಮೇಲೆ ವಾರಂಟುಗಳಿದ್ದುದರಿಂದ ಓಡಿ ಗುಜರಿ ಅಂಗಳದಲ್ಲಿ ಅವಿತ. ಸುಮಾರು ಎರಡು ಗಂಟೆಯ ಬಳಿಕ ನಾಯಿ ಅವನನ್ನು ಪತ್ತೆಮಾಡಿ, ಕಚ್ಚಿ ಎಳೆಯಿತು. ಪೊಲೀಸರ ಬಲಪ್ರಯೋಗ ಸರಿಯೇ ಎಂದು ತೂಗಲು ಅಪರಾಧ ಎಷ್ಟು ಗಂಭೀರ, ಅಪಾಯವಿತ್ತೇ, ಓಡುತ್ತಿದ್ದನೇ ಎಂದು ನೋಡಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 1989ರ ಗ್ರಹಾಂ ಪ್ರಕರಣದಲ್ಲಿ ಹೇಳಿತ್ತು. ಆ ಅಳತೆಯಿಂದಲೇ 1994ರಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ನಗರಾಡಳಿತವನ್ನು ವಿಚಾರಣೆಯಿಲ್ಲದೆ ಬಿಟ್ಟುಬಿಡಲಾಗದು ಎಂದಿತು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ನನ್ನ ಕಾರು ನಿಲ್ಲಿಸಿ, ಸುತ್ತ ನಾಯಿ ತಿರುಗಿಸಿದರು. ಇದೂ ಅದೇ ನಾಯಿಯೇ?

ಒಂದೇ ನಾಯಿಗೆ ಎರಡೂ ಕೆಲಸ ಕಲಿಸಿರಬಹುದು, ಆದರೆ ಅದು ಮಾದಕವಸ್ತು ಮೂಸುವ ಕೆಲಸ, ನನ್ನ ಇಂದಿನ ವಿಷಯವಲ್ಲ. ಸಕಾರಣ ಸಂಶಯವಿಲ್ಲದೆ ನಾಯಿಗಾಗಿ ಮಾತ್ರ ನಿಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುವಂತಿಲ್ಲ ಎಂದು 2015ರ ರೋಡ್ರಿಗಸ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಉಳಿದದ್ದನ್ನು ವಕೀಲರನ್ನು ಕೇಳಿ.

ಪ್ರಶ್ನೆ: ಖಾರದ ಪುಡಿ ಎರಚಿದರೆ, ಹಳ್ಳ ದಾಟಿದರೆ ಜಾಡು ತಪ್ಪುತ್ತದೆಯಂತೆ?

ಹ್ಯಾಂಡ್ಲರ್ ನಾಯಿಯನ್ನು ಆಚೆ ದಡಕ್ಕೆ ಕರೆದೊಯ್ಯುತ್ತಾನೆ. ಖಾರದ ಪುಡಿ ಸಾರಿಗಿರಲಿ.

ಪ್ರಶ್ನೆ: ನಮ್ಮ ಮುಧೋಳ ನಾಯಿ ಈ ಕೆಲಸ ಮಾಡಬಲ್ಲದೇ?

ಮುಧೋಳ ಕಣ್ಣಿನಿಂದ ಕಂಡು ಬೆನ್ನಟ್ಟುವ ಬೇಟೆನಾಯಿ. ಓಟದಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಕತ್ತಲಲ್ಲಿ ಜಾಡು ಹಿಡಿದು ಹೋಗಲು ಜರ್ಮನ್ ಶೆಫರ್ಡ್, ಬೆಲ್ಜಿಯನ್ ಮ್ಯಾಲಿನ್ವಾ ಬೇಕು.

ಪ್ರಶ್ನೆ: ನಲವತ್ತೈದು ದಿನಗಳಲ್ಲಿ ಸಾಕುನಾಯಿಗೆ ‘ಪೊಲೀಸ್ ತರಬೇತಿ’ ಕೊಡುತ್ತೇವೆ ಎನ್ನುತ್ತಾರೆ. ಸೇರಿಸಲೇ?

ಸೇರಿಸಬೇಡಿ. ಗೋಣಿಚೀಲ ಸುತ್ತಿದ ಕೈಗೆ ನಾಯಿಯನ್ನು ಛೂಬಿಡಲು ಯಾರು ಬೇಕಾದರೂ ಎರಡು ವಾರದಲ್ಲಿ ಕಲಿಸಬಹುದು. ಆಜ್ಞೆಗೆ ಹಿಡಿತ ಬಿಡುವುದನ್ನು ಕಲಿಸಲು ತಿಂಗಳುಗಟ್ಟಲೆ ಬೇಕು, ಕಲಿಸಿದ್ದು ಉಳಿಯಬೇಕಾದರೆ ಪ್ರತಿ ವಾರ ಅಭ್ಯಾಸ ಬೇಕು. ಆ ಭಾಗವನ್ನು ಈ ಮಹಾಶಯರು ಕಲಿಸುವುದಿಲ್ಲ. ದುಡ್ಡು ಎಣಿಸಿಕೊಂಡು, ಕಚ್ಚಲು ಕಲಿತ ನಾಯಿಯನ್ನು ಮಕ್ಕಳಿರುವ ಮನೆಗೆ ಕಳಿಸುತ್ತಾರೆ. ನಾಳೆ ಅದು ಹಾಲು ತರುವ ಹುಡುಗನ ಕೈ ಹಿಡಿದರೆ ಅದನ್ನು ಬಿಡಿಸುವ ಮಾತು ನಿಮಗೂ ಗೊತ್ತಿರುವುದಿಲ್ಲ, ನಾಯಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಕಳ್ಳನಿಗೆ ತಿಳಿಯಬಾರದೆಂದು ಡಚ್, ಜರ್ಮನ್ ಭಾಷೆಯಲ್ಲಿ ಆಜ್ಞೆ ಕೊಡುತ್ತಾರಂತೆ, ನಿಜವೇ?

ಈ ತಿಂಗಳು ಇದನ್ನು ಕೇಳಿದವರಲ್ಲಿ ನೀವು ಹನ್ನೊಂದನೆಯವರು. ಅಮೆರಿಕದ ಅನೇಕ ಪೊಲೀಸ್ ನಾಯಿಗಳು ಯೂರೋಪಿನಲ್ಲಿ ಆ ಭಾಷೆಗಳಲ್ಲಿ ಪಾಠ ಮುಗಿಸಿಕೊಂಡು ಬಂದವು. ನಾಯಿಗೆ ಮತ್ತೆ ಕಲಿಸುವ ಬದಲು ಹ್ಯಾಂಡ್ಲರ್ ಹತ್ತು ಹನ್ನೆರಡು ಪದ ಕಲಿಯುತ್ತಾನೆ, ಅಷ್ಟೆ. ಕನ್ನಡದಲ್ಲಿ ಕಲಿಸಿದ್ದರೆ ನಾಯಿ ‘ಬಿಡು’ ಎಂದರೂ ಬಾಯಿ ಬಿಡುತ್ತದೆ.